ಆಷಾಢದಲ್ಲಿ ಒಯ್ದ ಮರಳನ್ನು ಕಡಲು ದೀಪಾವಳಿಗೆ ತಂದುಕೊಡುತ್ತದೆಯೇ?

ಓದುಗರ ಪ್ರಶ್ನೆ:

"ನಾವು ಸಕಲೇಶಪುರದಿಂದ ಮುಂದೆ, ಶಿರಾಡಿ ಘಾಟಿ ಶುರುವಾಗುವ ಕಡೆಯವರು. ಆರು ಎಕರೆ ಕಾಫಿ ತೋಟ ಇದೆ, ನಾನು ಶಾಲೆಯಲ್ಲಿ ಟೀಚರ್. ಎರಡು ವರ್ಷದ ಮೆಣಸಿನ ದುಡ್ಡು ಕೂಡಿಟ್ಟಿದ್ದೇವೆ. ನಮ್ಮ ಯಜಮಾನರೂ ಭಾವನವರೂ ಸೇರಿ ಮಂಗಳೂರಿನಿಂದ ಉತ್ತರಕ್ಕೆ ಒಂದು ಅಳಿವೆಯ ಹತ್ತಿರ 15 ಸೆಂಟ್ಸ್ ಜಾಗ ನೋಡಿದ್ದಾರೆ. ಹಿಂದೆ ಹೊಳೆ, ಮುಂದೆ ಕಡಲು, ನಡುವೆ ತೆಂಗು. ಹೋಂಸ್ಟೇ ಮಾಡುವ ಆಸೆ. ಜನವರಿಯಲ್ಲಿ ಹೋದಾಗ ಮರಳ ತೀರ ಕಣ್ಣು ಹಾಯುವಷ್ಟು ಉದ್ದ ಇತ್ತು, ಅಗಲವೂ ಎಪ್ಪತ್ತು ಎಂಬತ್ತು ಹೆಜ್ಜೆ. ಆದರೆ ಆ ಊರಿಗೆ ಮದುವೆಯಾಗಿ ಹೋಗಿರುವ ನಮ್ಮ ನೆಂಟರ ಹುಡುಗಿ, ಜುಲೈಯಲ್ಲಿ ತೆರೆ ತೆಂಗಿನ ಬುಡಕ್ಕೇ ಬರುತ್ತದೆ ಅಂತಾಳೆ. ಜಾಗ ಮಾರುವವರು, 'ಕಡಲು ಆಷಾಢದಲ್ಲಿ ಮರಳು ಒಯ್ಯುತ್ತದೆ, ದೀಪಾವಳಿಗೆ ತಂದುಕೊಡುತ್ತದೆ, ಅಜ್ಜನ ಕಾಲದಿಂದ ಹೀಗೇ. ಹೇಗೂ ಕಲ್ಲಿನ ತಡೆಗೋಡೆ ಬರುತ್ತದೆ' ಅಂತಾರೆ. ನಿಜವೇ? ಸಮುದ್ರದ ಮಟ್ಟ ಏರುತ್ತಿದೆಯಲ್ಲ, ಅದರಿಂದ ಹೀಗಾಗುತ್ತಿದೆಯೇ? ಮುಂಗಡ ಇನ್ನೂ ಕೊಟ್ಟಿಲ್ಲ. ಪಿಯುಸಿ ಓದುವ ಮಗಳದ್ದೂ ಒಂದು ಪ್ರಶ್ನೆ ಇದೆ: ಅಷ್ಟು ಉದ್ದದ ತೀರಕ್ಕೆ ಅಷ್ಟೊಂದು ಮರಳು ಎಲ್ಲಿಂದ ಬಂತು? ಅವಳ ಕ್ವಿಜ್ ಪುಸ್ತಕದಲ್ಲಿ ಚೆನ್ನೈನ ಮರೀನಾ ಜಗತ್ತಿನ ಎರಡನೇ ಉದ್ದದ ಬೀಚ್ ಎಂದಿದೆ, ಸರಿಯೇ?"

ಉತ್ತರ:

ಮುಂಗಡ ಕೊಟ್ಟಿಲ್ಲ ಎಂಬ ಸಾಲು ಓದಿ ಸಮಾಧಾನವಾಯಿತು. ನೀವು ಕೇಳಿರುವುದು ಮುಖ್ಯವಾಗಿ ಒಂದೇ: ವರ್ಷಗಟ್ಟಲೆ ಕೂಡಿಟ್ಟ ದುಡ್ಡನ್ನು ಆ ಮರಳಿನ ಮೇಲೆ ಹಾಕಬಹುದೇ, ಹಾಕಿದರೆ ಮಗಳ ಕಾಲಕ್ಕೆ ಅಲ್ಲಿ ನೆಲ ಇರುತ್ತದೆಯೇ? ಆದರೂ ನಾನು ಮಗಳ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ನಿಮ್ಮ ಪ್ರಶ್ನೆಗೆ ಉತ್ತರ ಅದರ ಒಳಗೇ ಇದೆ.

ಆ ಮರಳಿನಲ್ಲಿ ಒಂದಿಷ್ಟು ನಿಮ್ಮ ಕಡೆಯಿಂದಲೇ ಹೋದದ್ದು. ನಿಮ್ಮ ತೋಟ ಘಾಟಿಯ ಅಂಚಿನಲ್ಲಿದ್ದರೆ, ಪಡುವಣಕ್ಕೆ ಇಳಿಯುವ ಮಳೆನೀರು ಕೆಂಪುಹೊಳೆಗೆ ಸೇರುತ್ತದೆ. ಕೆಂಪುಹೊಳೆ ಗುಂಡ್ಯದ ಮೇಲೆ ಹಾದು ಕುಮಾರಧಾರೆಗೆ, ಕುಮಾರಧಾರೆ ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ, ನೇತ್ರಾವತಿ ಮಂಗಳೂರಿನಲ್ಲಿ ಕಡಲಿಗೆ. ನೇತ್ರಾವತಿ ಹುಟ್ಟುವುದೂ ನಮ್ಮ ಮಲೆನಾಡಿನಲ್ಲೇ, ಚಿಕ್ಕಮಗಳೂರು ಜಿಲ್ಲೆಯ ಕುದುರೆಮುಖ ಶ್ರೇಣಿಯಲ್ಲಿ. ನಿಮ್ಮ ಘಾಟಿಯ ಅಂಚಿನ ದಿಣ್ಣೆಯ ಮೂಡಣಕ್ಕೆ ಬಿದ್ದ ಹನಿ ಹೇಮಾವತಿಗೆ ಹೋಗಿ, ಗೊರೂರು ಅಣೆಕಟ್ಟು, ಕೃಷ್ಣರಾಜಸಾಗರ, ಕಾವೇರಿ ಎಂದು ಸುತ್ತಿ ಬಂಗಾಳ ಕೊಲ್ಲಿಗೆ ಮುಟ್ಟುತ್ತದೆ. ಬಿಸಿಲೆಯ ದಿಣ್ಣೆಯ ಮೇಲೆ ನಿಂತರೆ ಒಂದೇ ಮಳೆ ಎರಡು ಕಡಲಿಗೆ ಪಾಲಾಗುವುದನ್ನು ನೋಡಬಹುದು. ನೀವು ನೋಡಿರುವ ಅಳಿವೆಯ ಹೊಳೆ ನೇತ್ರಾವತಿಯಲ್ಲದೆ ಬೇರೆಯದಿರಬಹುದು. ಆದರೆ ಆ ಕರಾವಳಿಯ ಹೊಳೆಗಳೆಲ್ಲ ಘಟ್ಟದಿಂದ, ಘಟ್ಟದ ತಪ್ಪಲಿನಿಂದ ಇಳಿಯುವಂಥವೇ, ಹಾಗಾಗಿ ಮರಳಿನ ಕಥೆ ಬೇರೆಯಾಗುವುದಿಲ್ಲ.

ನಮ್ಮ ಜಿಲ್ಲೆಯ ಬಂಡೆ ಬಹುಪಾಲು ನೈಸ್, ಅಂದರೆ ಕಪ್ಪು ಬಿಳಿ ಪಟ್ಟೆ ಪಟ್ಟೆಯಾಗಿ ಕಾಣುವ ಕಲ್ಲು. ಗೊರೂರಿನ ಸುತ್ತಲಿನದು 300 ಕೋಟಿ ವರ್ಷಕ್ಕಿಂತ ಹಳೆಯದು, ದೇಶದ ಅತಿ ಹಳೆಯ ಶಿಲೆಗಳಲ್ಲಿ ಒಂದು. ಮಳೆ, ಬಿಸಿಲು, ಬೇರುಗಳು ಈ ಕಲ್ಲನ್ನು ಸಡಿಲಿಸಿದಾಗ ಅದರಲ್ಲಿನ ಫೆಲ್ಡ್‌ಸ್ಪಾರ್ ಎಂಬ ಖನಿಜ ಕೊಳೆತು ಜೇಡಿಯಾಗುತ್ತದೆ. ಅಭ್ರಕ ಚೂರಾಗಿ ತೇಲಿ ಹೋಗುತ್ತದೆ. ಕ್ವಾರ್ಟ್ಜ್ ಒಂದು ಮಾತ್ರ ಕರಗದೆ ಕೊಳೆಯದೆ ಉಳಿಯುತ್ತದೆ. ತೀರದ ಮರಳಿನಲ್ಲಿ ಹೆಚ್ಚಿನದು ಆ ಉಳಿದ ಕ್ವಾರ್ಟ್ಜೇ. ಹೊಳೆಯ ದಿಬ್ಬಗಳಲ್ಲಿ ತಂಗಿ, ಮುಂದಿನ ನೆರೆಯಲ್ಲಿ ಎದ್ದು, ಮತ್ತೆ ತಂಗಿ, ಎಷ್ಟೋ ಮಳೆಗಾಲ ಕಳೆದು ಅದು ಅಳಿವೆಗೆ ಬರುತ್ತದೆ. ಮಗಳು ಮುಂದಿನ ಸಲ ಹೋದಾಗ ಒಂದು ಚಿಟಿಕೆ ಮರಳನ್ನು ಅಂಗೈ ಮೇಲೆ ಹರಡಿ ಭೂತಕನ್ನಡಿಯಲ್ಲಿ ನೋಡಲಿ. ಗಾಜಿನಂಥ ಕಾಳುಗಳು ಕ್ವಾರ್ಟ್ಜ್. ಬಿಳಿ ಚೂರು ಚಿಪ್ಪಿನದು. ಇದ್ದಿಲ ಪುಡಿಯಂತೆ ಕಪ್ಪಗೆ, ಭಾರವಾಗಿ ಇರುವುದು ಮ್ಯಾಗ್ನಟೈಟ್, ಇಲ್ಮನೈಟ್ ಎಂಬ ಕಬ್ಬಿಣದಂಶದ ಖನಿಜಗಳು. ಹಳೆಯ ಸ್ಪೀಕರಿನ ಅಯಸ್ಕಾಂತವನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಹತ್ತಿರ ಹಿಡಿದರೆ ಆ ಕಪ್ಪು ಕಾಳುಗಳು ಮುಳ್ಳಿನಂತೆ ಎದ್ದು ನಿಲ್ಲುತ್ತವೆ. ಈ ಕಪ್ಪು ಕಾಳಿನ ವಿಷಯಕ್ಕೆ ಮತ್ತೆ ಬರುತ್ತೇನೆ. ಜಾಗ ನೋಡುವಾಗ ಅದು ನಿಮಗೆ ಬೇಕು.

ಇನ್ನು ಉದ್ದ. ಮರಳಿದ್ದ ಮಾತ್ರಕ್ಕೆ ತೀರ ಉದ್ದವಾಗುವುದಿಲ್ಲ. ಕಾರವಾರ, ಗೋಕರ್ಣದ ಕಡೆ ನೋಡಿ: ಗುಡ್ಡಗಳು ಕಡಲಿನೊಳಗೇ ಮೂತಿ ಚಾಚಿವೆ. ಎರಡು ಗುಡ್ಡದ ನಡುವೆ ಒಂದೊಂದು ಬೊಗಸೆ ಮರಳು, ಆಚೆ ಇನ್ನೊಂದು. ದಕ್ಷಿಣ ಕನ್ನಡ, ಉಡುಪಿಗೆ ಬಂದರೆ ಘಟ್ಟ ಕಡಲಿನಿಂದ ದೂರ ಸರಿದಿದೆ, ನಡುವೆ ತಗ್ಗಾದ ಬಯಲು, ಕಡಲ ತಳವೂ ನಿಧಾನಕ್ಕೆ ಇಳಿಯುತ್ತದೆ. ತಡೆಯುವ ಗುಡ್ಡವಿಲ್ಲದ್ದರಿಂದ ತೆರೆಗಳು ಮರಳನ್ನು ಹಗ್ಗ ಎಳೆದಂತೆ ನೇರವಾಗಿ ಹಾಸಿವೆ. ಅಳಿವೆ ಇರುವಲ್ಲಿ ಮಾತ್ರ ಕಡಿದು, ಆಚೆ ಮತ್ತೆ ಮುಂದುವರಿಯುತ್ತದೆ. ಮರವಂತೆಯಲ್ಲಿ ಸೌಪರ್ಣಿಕಾ ಕಡಲಿನ ಬಾಗಿಲವರೆಗೆ ಬಂದು ಒಳಗೆ ಹೋಗದೆ, ಹೆದ್ದಾರಿಯ ಪಕ್ಕಕ್ಕೇ ಹರಿದು, ಗಂಗೊಳ್ಳಿಯಲ್ಲಿ ಕಡಲು ಸೇರುತ್ತದಲ್ಲ, ಅದಕ್ಕೆ ಕಾರಣ ನಡುವೆ ಕಡಲು ಕಟ್ಟಿದ ಈ ಮರಳ ಏರಿ.

ಜಗತ್ತಿನ ದೊಡ್ಡ ದೊಡ್ಡ ತೀರಗಳೂ ಹೀಗೇ ಆದವು. ಬ್ರೆಜಿಲ್‌ನ ದಕ್ಷಿಣ ತುದಿಯ ಕಸ್ಸಿನೊ ತೀರ ರಿಯೊ ಗ್ರಾಂಡೆ ಬಂದರಿನ ಕಲ್ಲುಗೋಡೆಯಿಂದ ಉರುಗ್ವೆ ಗಡಿಯವರೆಗೆ 200 ಕಿ.ಮೀ. ಮೀರಿ ಹಾಸಿದೆ. ಸಕಲೇಶಪುರದಿಂದ ಬೆಂಗಳೂರಿಗೆ ಹೋಗುವಷ್ಟು ದೂರ, ಉದ್ದಕ್ಕೂ ಮರಳೇ. ಅದರ ಬೆನ್ನಿಗೆ ಮಿರಿಮ್, ಮಂಗೇರ ಎಂಬ ದೊಡ್ಡ ಹಿನ್ನೀರ ಸರೋವರಗಳಿವೆ. ಅಲ್ಲಿಯ ಮರಳು ಬಲು ನಯ, ಹಾಗಾಗಿ ತೀರ ಚಪ್ಪಟೆಯಾಗಿ ಗಟ್ಟಿಯಾಗಿದೆ, ಕಾರು ಓಡುತ್ತದೆ. ಮರಳು ಒರಟಾದಷ್ಟೂ ತೀರದ ಇಳಿಜಾರು ಕಡಿದು ಎಂಬುದು ಎಲ್ಲೆಡೆ ನಡೆಯುವ ಲೆಕ್ಕ. ಬಾಂಗ್ಲಾದೇಶದ ಕಾಕ್ಸ್ ಬಜಾರ್ 120 ಕಿ.ಮೀ., ಅಂದರೆ ಹಾಸನದಿಂದ ಮೈಸೂರಿನಷ್ಟು. ನ್ಯೂಜಿಲೆಂಡಿನಲ್ಲಿ 'ತೊಂಬತ್ತು ಮೈಲಿ ತೀರ' ಎಂಬ ಹೆಸರಿನದೊಂದಿದೆ, ಅಳೆದರೆ 88 ಕಿ.ಮೀ., ಐವತ್ತೈದು ಮೈಲಿ ಮಾತ್ರ. ತೀರದ ಉದ್ದವೆಂಬುದು ಎಲ್ಲಿಂದ ಎಲ್ಲಿಗೆ ಅಳೆದಿರಿ, ನಡುವಿನ ಅಳಿವೆಯನ್ನು ಲೆಕ್ಕಕ್ಕೆ ಹಿಡಿದಿರೋ ಬಿಟ್ಟಿರೋ ಎಂಬುದರ ಮೇಲೆ ನಿಂತಿರುವುದರಿಂದ, ಮೊದಲನೆಯದು ಎರಡನೆಯದು ಎಂಬ ಪಟ್ಟಿಗಳನ್ನು ನಾನು ಹೆಚ್ಚು ನಂಬುವುದಿಲ್ಲ. ಆದರೂ ಹೇಗೆ ಅಳೆದರೂ ಮರೀನಾ ಎರಡನೆಯದಾಗದು. ಎಷ್ಟು ಎಳೆದರೂ ಅದು 13 ಕಿ.ಮೀ. ದಾಟುವುದಿಲ್ಲ. ಮಗಳ ಪುಸ್ತಕ ತಪ್ಪು. ಪರೀಕ್ಷೆಯಲ್ಲಿ ಬಂದರೆ ಏನು ಬರೆಯಬೇಕೆಂದು ಮೇಷ್ಟ್ರನ್ನು ಕೇಳಲಿ, ಮನಸ್ಸಿನಲ್ಲಿ ಮಾತ್ರ ಸರಿಯಾದದ್ದನ್ನು ಇಟ್ಟುಕೊಳ್ಳಲಿ.

ಮರೀನಾದಿಂದ ಕಲಿಯಬೇಕಾದದ್ದು ಅದರ ಉದ್ದವಲ್ಲ, ಅದು ಹುಟ್ಟಿದ ಬಗೆ. ಅದನ್ನು ಹೇಳುವ ಮೊದಲು ಮರಳು ನಡೆಯುವ ರೀತಿ ಹೇಳಬೇಕು.

ನಿಮ್ಮ ಕಣದಲ್ಲಿ ಕಾಫಿ ಹರಡಿದಾಗ ಹಲಗೆ ಹಿಡಿದು ಎಳೆಯುತ್ತೀರಲ್ಲ, ಹಲಗೆಯನ್ನು ಸ್ವಲ್ಪ ಓರೆ ಹಿಡಿದು ನೋಡಿ. ಪ್ರತಿ ಸಲವೂ ಒಂದಿಷ್ಟು ಬೀಜ ಪಕ್ಕಕ್ಕೆ ಜರುಗುತ್ತದೆ. ಸಂಜೆಯ ಹೊತ್ತಿಗೆ ರಾಶಿಯೇ ಕಣದ ಒಂದು ಮೂಲೆಗೆ ಸರಿದಿರುತ್ತದೆ. ತೆರೆಯೂ ಹಾಗೇ. ಅದು ತೀರಕ್ಕೆ ನೇರವಾಗಿ ಬರುವುದು ಅಪರೂಪ, ಓರೆಯಾಗಿ ಬಂದು ಮರಳನ್ನು ಓರೆಯಾಗಿ ಮೇಲೆ ತಳ್ಳುತ್ತದೆ. ಹಿಂದಕ್ಕೆ ಹೋಗುವಾಗ ಇಳಿಜಾರಿನಲ್ಲಿ ನೇರ ಇಳಿಯುತ್ತದೆ. ಹೀಗೆ ಅಂಕುಡೊಂಕಾಗಿ ಒಂದೊಂದು ಕಾಳು ತೀರದ ಉದ್ದಕ್ಕೆ ನಡೆಯುತ್ತಲೇ ಇರುತ್ತದೆ. ನಾವು ಬೀಚ್ ಎಂದು ಕರೆಯುವ ನೆಲ ನಿಜಕ್ಕೂ ಮರಳಿನ ಹೊಳೆ. ಕಣ್ಣಿಗೆ ನಿಂತಂತೆ ಕಾಣುವುದು ಏಕೆಂದರೆ ಹೋದಷ್ಟು ಹಿಂದಿನಿಂದ ಬಂದು ತುಂಬುತ್ತಿರುತ್ತದೆ.

ಈಗ ಮರೀನಾ. 1870ರ ದಶಕದಲ್ಲಿ ಮದ್ರಾಸಿಗೆ ಬಂದರು ಕಟ್ಟಲು ಕಡಲಿನೊಳಕ್ಕೆ ಕಲ್ಲಿನ ಗೋಡೆ ಚಾಚಿದರು. ಅಲ್ಲಿ ಮರಳು ದಕ್ಷಿಣದಿಂದ ಉತ್ತರಕ್ಕೆ ನಡೆಯುತ್ತದೆ. ಗೋಡೆಗೆ ಬಡಿದು ನಿಂತಿತು. ದಕ್ಷಿಣದ ಬದಿಯಲ್ಲಿ ವರ್ಷ ವರ್ಷ ತೀರ ಅಗಲವಾಯಿತು. 1880ರ ದಶಕದಲ್ಲಿ ಗವರ್ನರ್ ಗ್ರಾಂಟ್ ಡಫ್ ಅಲ್ಲಿ ಅಡ್ಡಾಡುವ ದಾರಿ ಮಾಡಿಸಿ ಮರೀನಾ ಎಂದು ಹೆಸರಿಟ್ಟ. ಅದೇ ಹೊತ್ತಿಗೆ ಗೋಡೆಯ ಉತ್ತರಕ್ಕಿರುವ ರಾಯಪುರಂ ಕಡೆಯ ತೀರಕ್ಕೆ ಬರಬೇಕಾದ ಮರಳು ಬರದೆ, ಕಡಲು ಅಲ್ಲಿನ ನೆಲವನ್ನು ತಿನ್ನತೊಡಗಿತು. ಒಂದು ಕಡೆಯ ಜನ ಗಾಳಿ ಸೇವನೆಗೆ ಹೋಗುವ ಅಗಲವಾದ ಮರಳು, ಇನ್ನೊಂದು ಕಡೆಯ ಮೀನುಗಾರರ ಅಂಗಳದಿಂದ ಕಳೆದುಹೋದದ್ದು. ನಾನು ವಿದ್ಯಾರ್ಥಿಗಳಿಗೆ ತೀರದ ಪಾಠ ಮಾಡುವಾಗ ಯಾವಾಗಲೂ ಇಲ್ಲಿಂದ ಶುರು ಮಾಡುತ್ತಿದ್ದೆ.

ನಮ್ಮ ಪಶ್ಚಿಮ ಕರಾವಳಿಯಲ್ಲಿ ಮರಳಿನ ನಡೆ ಅಷ್ಟು ಏಕಮುಖವಲ್ಲ. ಋತು ಬದಲಾದಂತೆ ದಿಕ್ಕು ಬದಲಾಗುತ್ತದೆ, ಒಟ್ಟು ಲೆಕ್ಕದಲ್ಲಿ ಅತ್ತಿತ್ತ ಸರಿಹೋಗುವುದೇ ಹೆಚ್ಚು. ಇಲ್ಲಿ ದೊಡ್ಡ ಆಟ ತೀರಕ್ಕೂ ಒಳಕಡಲಿಗೂ ನಡುವಿನದು. ನಿಮಗೆ ಜಾಗ ತೋರಿಸಿದವರು ಹೇಳಿದ್ದು ಇದನ್ನೇ, ಮತ್ತು ಅದರಲ್ಲಿ ಅರ್ಧ ಸತ್ಯವಿದೆ.

ಹಾಸನದಲ್ಲಿ ಭೂವಿಜ್ಞಾನ ಕಲಿಸುತ್ತಿದ್ದ ವರ್ಷಗಳಲ್ಲಿ ಹುಡುಗರನ್ನು ಕರೆದುಕೊಂಡು ಜನವರಿಗೊಮ್ಮೆ ಆಗಸ್ಟಿಗೊಮ್ಮೆ ಒಂದೇ ತೀರಕ್ಕೆ ಹೋಗುತ್ತಿದ್ದೆ. ಸಮ ಎತ್ತರದ ಎರಡು ಕೋಲು, ಅಳತೆಯ ಹಗ್ಗ, ಅಷ್ಟೇ ಸಾಮಾನು. ಒಂದು ಕೋಲು ಮೇಲೆ, ಒಂದು ಕೆಳಗೆ ನೆಟ್ಟು, ದಿಗಂತದ ಗೆರೆಗೆ ಕಣ್ಣು ಕೂಡಿಸಿದರೆ ಎರಡು ಕೋಲಿನ ನಡುವೆ ನೆಲ ಎಷ್ಟು ಇಳಿದಿದೆ ಎಂದು ಸಿಕ್ಕಿಬಿಡುತ್ತದೆ. ಜನವರಿಯಲ್ಲಿ ದಪ್ಪ ಹೊಟ್ಟೆಯಂತೆ ಉಬ್ಬಿರುವ ತೀರ ಆಗಸ್ಟಿನಲ್ಲಿ ಸವೆದು ಬೋಳಾಗಿರುತ್ತಿತ್ತು. ಮುಂಗಾರಿನಲ್ಲಿ ತೆರೆಗಳು ಮೂರು ಮೀಟರ್ ಮೀರಿ ಏಳುತ್ತವೆ, ಒಂದರ ಬೆನ್ನಿಗೆ ಒಂದು ಬಿಡುವಿಲ್ಲದೆ ಬರುತ್ತವೆ. ತಂದ ನೀರು ಮರಳಿನೊಳಗೆ ಇಂಗಲು ಸಮಯವಿಲ್ಲದೆ ರಭಸದಿಂದ ಹಿಂದೆ ಹರಿಯುತ್ತದೆ, ಮರಳನ್ನೂ ಎಳೆದೊಯ್ಯುತ್ತದೆ. ಒಯ್ದ ಮರಳು ಬಹಳ ದೂರ ಹೋಗುವುದಿಲ್ಲ. ಸ್ವಲ್ಪ ಆಳದಲ್ಲಿ ನೀರಿನಡಿ ದಿಬ್ಬವಾಗಿ ಕೂರುತ್ತದೆ. ಆಮೇಲೆ ಬರುವ ದೊಡ್ಡ ತೆರೆಗಳು ಆ ದಿಬ್ಬಕ್ಕೇ ಎಡವಿ ಒಡೆಯುತ್ತವೆ, ದಡಕ್ಕೆ ಬರುವ ಹೊತ್ತಿಗೆ ಅರ್ಧ ಬಲ ಕಳೆದುಕೊಂಡಿರುತ್ತವೆ. ತೀರ ತನ್ನ ಮೈಯನ್ನೇ ಕೊಟ್ಟು ತನ್ನನ್ನು ಕಾಪಾಡಿಕೊಳ್ಳುವ ಈ ಏರ್ಪಾಡು ನನಗೆ ಇಂದಿಗೂ ಬೆರಗು ಹುಟ್ಟಿಸುತ್ತದೆ. ಸೆಪ್ಟೆಂಬರ್ ಕಳೆದು ತೆರೆಗಳು ಸಣ್ಣಗಾದ ಮೇಲೆ ಅದೇ ದಿಬ್ಬದ ಮರಳು ಇಷ್ಟಿಷ್ಟೇ ಮೇಲೆ ಬಂದು ತೀರ ಮತ್ತೆ ತುಂಬುತ್ತದೆ. ದೀಪಾವಳಿಯ ಹೊತ್ತಿಗೆ ಮರಳು ಬರುತ್ತದೆ ಎಂಬ ಮಾತು ಕಂಡು ಹೇಳಿದ ಮಾತೇ. ಮೀನುಗಾರರ ಅನುಭವವನ್ನು ನಾನು ಯಾವತ್ತೂ ತಳ್ಳಿಹಾಕುವುದಿಲ್ಲ.

ಆದರೆ ಈ ಮಾತು ನಿಲ್ಲಲು ಕೆಲವು ಷರತ್ತುಗಳಿವೆ, ಅವನ್ನು ಜಾಗ ಮಾರುವವರು ಹೇಳುವುದಿಲ್ಲ. ಹೊಳೆಯಿಂದ ಹೊಸ ಮರಳು ಬರುತ್ತಿರಬೇಕು. ಹೊಳೆಗೆ ಕಿಂಡಿ ಅಣೆಕಟ್ಟು ಕಟ್ಟಿ, ಪಾತ್ರದಿಂದ ಲೋಡುಗಟ್ಟಲೆ ಎತ್ತಿ, ಅಳಿವೆಯ ದಿಬ್ಬವನ್ನೂ ಬಳಿದರೆ ತೀರದ ಆದಾಯ ಕಡಿಮೆಯಾಗುತ್ತದೆ, ಖರ್ಚು ಮಾತ್ರ ಅಷ್ಟೇ ಇರುತ್ತದೆ. ನಮ್ಮ ಹಾಸನದಲ್ಲಿ ಮನೆ ಕಟ್ಟಲು ಮರಳು ಬೇಕೆಂದಾಗ ನಾವು ಇದನ್ನು ನೆನೆಯುವುದಿಲ್ಲ. ಎರಡನೆಯದಾಗಿ, ಮರಳಿನ ದಾರಿಯಲ್ಲಿ ಗೋಡೆ ಇರಬಾರದು. ಮೂರನೆಯದು ನಿಮಗೆ ತುಂಬ ಮುಖ್ಯ: ಆ ಮಾತು ತೀರದ ನಡುಭಾಗಕ್ಕೆ ಹೇಳಿದ್ದು, ಅಳಿವೆಯ ತುದಿಗೆ ಅಲ್ಲ.

ಹೊಳೆಗೂ ಕಡಲಿಗೂ ನಡುವೆ ನಾಲಗೆಯಂತೆ ಚಾಚಿದ ಮರಳಿಗೆ ಆ ಕಡೆ ಕೋಡಿ ಎನ್ನುತ್ತಾರೆ, ಬೆಂಗ್ರೆ ಎನ್ನುತ್ತಾರೆ. ಊರಿನ ಹೆಸರಿನಲ್ಲೇ ಅದು ಉಳಿದಿದೆ. ಸುಮಾರು 20,000 ವರ್ಷದ ಹಿಂದೆ ಜಗತ್ತಿನ ಕಡಲುಗಳು ಈಗಿನದಕ್ಕಿಂತ 120 ಮೀಟರಿನಷ್ಟು ಕೆಳಗಿದ್ದವು. ಹಿಮ ಕರಗಿ ನೀರು ಏರುತ್ತಾ ಬಂದು, ಆರೇಳು ಸಾವಿರ ವರ್ಷದ ಹಿಂದೆ ಹೆಚ್ಚುಕಡಿಮೆ ಇಂದಿನ ಮಟ್ಟಕ್ಕೆ ನಿಂತಿತು. ಈಗಿನ ತೀರಗಳು ಆಮೇಲಿನವು. ನಿಮ್ಮ ತೋಟದ ಬಂಡೆಗೆ ಕೋಟಿಗಳಲ್ಲಿ ವಯಸ್ಸು ಹೇಳಿದರೆ, ಕೋಡಿಯ ನೆಲದ ವಯಸ್ಸನ್ನು ಸಾವಿರಗಳಲ್ಲಿ ಹೇಳಬೇಕು. ಅದರ ತುದಿಯ ವಯಸ್ಸನ್ನು ಕೆಲವೊಮ್ಮೆ ಹತ್ತಾರು ವರ್ಷಗಳಲ್ಲಿ. ಒಂದು ದೊಡ್ಡ ನೆರೆ ಬಂದರೆ ಹೊಳೆ ಸುತ್ತಿ ಹೋಗುವ ಬದಲು ಮರಳನ್ನು ಸೀಳಿ ಹೊಸ ಬಾಯಿ ತೆರೆಯುತ್ತದೆ. ಆಗ ಹಳೆಯ ಅಳಿವೆ ಮುಚ್ಚಿಕೊಳ್ಳುತ್ತದೆ. ಇದು ಅಪಘಾತವಲ್ಲ, ಅಳಿವೆಯ ಸ್ವಭಾವವೇ ಜರುಗುವುದು. ಕೋಡಿಯ ಮೇಲಿನ ಜಾಗಕ್ಕೆ ಅಪಾಯ ಎರಡು ದಿಕ್ಕಿನಿಂದ ಬರುತ್ತದೆ. ಮುಂದಿನಿಂದ ಕಡಲು, ಹಿಂದಿನಿಂದ ಹೊಳೆ.

ಒಂದು ಆಗಸ್ಟಿನಲ್ಲಿ ಅಂಥದ್ದೊಂದು ಕೋಡಿಯ ಮೇಲೆ ನಡೆಯುತ್ತಿದ್ದಾಗ, ಬರಿಯ ತೀರದ ನಡುವೆ ಆಳೆತ್ತರದ ಸಿಮೆಂಟಿನ ಕೊಳವೆಯೊಂದು ನಿಂತದ್ದು ಕಂಡಿತು. ಹತ್ತಿರ ಹೋದರೆ ಅದು ಬಾವಿ. ಸುತ್ತಲಿನ ಮಣ್ಣು ಮರಳು ಎಲ್ಲ ಹೋಗಿ, ರಿಂಗುಗಳು ಮಾತ್ರ ಒಂದರ ಮೇಲೊಂದು ನಿಂತಿದ್ದವು. ಮೇಲಿನ ರಿಂಗಿನ ಅಂಚಿನಲ್ಲಿ ಹಗ್ಗ ಉಜ್ಜಿ ಉಜ್ಜಿ ಬಿದ್ದ ಗೀರು ಹಾಗೇ ಇತ್ತು. ಮೀನು ಒಣಗಿಸುವ ತಟ್ಟಿ ಹಿಡಿದು ಬಂದ ಅಜ್ಜಿಯೊಬ್ಬರು ನಮ್ಮನ್ನು ನೋಡಿ ನಿಂತರು. "ಈ ಬಾವಿಯಿಂದಲೇ ನೀರು ಸೇದುತ್ತಿದ್ದೆ" ಎಂದರು. ಮನೆ ಎಲ್ಲಿತ್ತಮ್ಮ ಎಂದು ಕೇಳಿದೆ. ಅವರು ಕೈ ತೋರಿಸಿದ್ದು ತೆರೆ ಒಡೆಯುತ್ತಿದ್ದ ಕಡೆಗೆ. ನನ್ನ ಹುಡುಗರು ಅವತ್ತು ಬಸ್ಸಿನಲ್ಲಿ ಹಾಡು ಹೇಳಲಿಲ್ಲ.

ತಡೆಗೋಡೆ ಬರುತ್ತದೆ ಎಂಬ ಮಾತನ್ನು ಧೈರ್ಯವೆಂದು ತಿಳಿಯಬೇಡಿ, ಅದು ಎಚ್ಚರಿಕೆ. ಕೊರೆತ ಇಲ್ಲದ ಕಡೆ ಯಾರೂ ಕಲ್ಲು ಹಾಕುವುದಿಲ್ಲ. ಗೋಡೆ ಹಿಂದಿನ ನೆಲವನ್ನು ಕೆಲವು ವರ್ಷ ಹಿಡಿದಿಡುತ್ತದೆ ನಿಜ. ಮನೆ ಬೀಳುವ ಹಂತದಲ್ಲಿರುವ ಕುಟುಂಬಕ್ಕೆ ಬೇರೆ ದಾರಿಯೂ ಇರುವುದಿಲ್ಲ, ಅವರು ಕೇಳುವುದು ನ್ಯಾಯವೇ. ಆದರೆ ಗೋಡೆಗೆ ಬಡಿದ ತೆರೆ ಬಲ ಕಳೆದುಕೊಳ್ಳದೆ ತಿರುಗಿ, ಗೋಡೆಯ ಬುಡದ ಮರಳನ್ನೇ ಕೆರೆದು ಒಯ್ಯುತ್ತದೆ. ಬುಡ ಟೊಳ್ಳಾಗಿ ಕಲ್ಲು ಕುಸಿಯುತ್ತದೆ, ಮತ್ತೆ ಕಲ್ಲು ತರಬೇಕು. ಗೋಡೆ ಮುಗಿಯುವ ತುದಿಯಲ್ಲಿ ಕೊರೆತ ಮೊದಲಿಗಿಂತ ಜೋರಾಗುತ್ತದೆ. ಉಳ್ಳಾಲದಲ್ಲಿ ಕಲ್ಲಿನ ಗೋಡೆ ಸಾಲದೆ, ಏಷ್ಯಾ ಅಭಿವೃದ್ಧಿ ಬ್ಯಾಂಕಿನ ಸಾಲದ ಯೋಜನೆಯಲ್ಲಿ ಕಡಲಿನೊಳಗೂ ದಿಬ್ಬ ಕಟ್ಟಿದರು. ಅಲ್ಲಿಂದ ದಕ್ಷಿಣಕ್ಕಿರುವ ಸೋಮೇಶ್ವರ, ಉಚ್ಚಿಲದ ಕಡೆಯ ಕಡಲ್ಕೊರೆತ ಮಾತ್ರ ಮಳೆಗಾಲದ ಸುದ್ದಿಯಾಗುತ್ತಲೇ ಇದೆ. ನಿಮಗೆ ಇನ್ನೊಂದು ಲೆಕ್ಕವೂ ಇದೆ: ಅತಿಥಿಗಳು ಬರುವುದು ಮರಳಿಗಾಗಿ. ಗೋಡೆ ಬಂದ ಕಡೆ ಮರಳು ಉಳಿಯುವುದು ಕಷ್ಟ, ಕಪ್ಪು ಬಂಡೆಗಳ ರಾಶಿಯೂ ಅದರ ಮೇಲೆ ಒಡೆಯುವ ನೀರೂ ಉಳಿಯುತ್ತವೆ.

ಸಮುದ್ರದ ಮಟ್ಟ ಏರುತ್ತಿರುವುದು ಸತ್ಯ, ಜಗತ್ತಿನ ಸರಾಸರಿಯಲ್ಲಿ ವರ್ಷಕ್ಕೆ ಮೂರು ನಾಲ್ಕು ಮಿಲಿಮೀಟರ್. ಆದರೆ ನಿಮ್ಮ ನೆಂಟರ ಹುಡುಗಿ ಜುಲೈಯಲ್ಲಿ ಕಾಣುವುದು ಅದಲ್ಲ. ಒಂದೇ ಮಳೆಗಾಲದಲ್ಲಿ ಹತ್ತಿಪ್ಪತ್ತು ಮೀಟರ್ ತೀರ ಹೋದರೆ ಕಾರಣವನ್ನು ಮರಳಿನ ಲೆಕ್ಕದಲ್ಲಿ ಹುಡುಕಬೇಕು. ಮಟ್ಟದ ಏರಿಕೆ ನಿಧಾನಕ್ಕೆ ಬಡ್ಡಿಯಂತೆ ಮೇಲೆ ಸೇರುತ್ತಾ ಹೋಗುತ್ತದೆ, ಮೂವತ್ತು ವರ್ಷಕ್ಕೆ ಹೂಡುವ ದುಡ್ಡಾದರೆ ಅದನ್ನೂ ಎಣಿಸಬೇಕು. ಚೆನ್ನೈನ ರಾಷ್ಟ್ರೀಯ ಕರಾವಳಿ ಸಂಶೋಧನಾ ಕೇಂದ್ರ 1990ರಿಂದ 2018ರವರೆಗಿನ ಉಪಗ್ರಹ ಚಿತ್ರಗಳನ್ನು ಹೋಲಿಸಿ ನೋಡಿದಾಗ ದೇಶದ ಕರಾವಳಿಯ ಶೇ. 33.6 ಭಾಗ ಕೊರೆಯುತ್ತಿತ್ತು, ಶೇ. 26.9 ಭಾಗ ಬೆಳೆಯುತ್ತಿತ್ತು, ಉಳಿದದ್ದು ಹೆಚ್ಚು ಬದಲಾಗಿರಲಿಲ್ಲ. ಅಂದರೆ ಕಡಲು ಎಲ್ಲ ಕಡೆಯೂ ತಿನ್ನುತ್ತಿಲ್ಲ. ನಿಮ್ಮ 15 ಸೆಂಟ್ಸ್ ಈ ಮೂರರಲ್ಲಿ ಯಾವುದಕ್ಕೆ ಸೇರಿದ್ದು ಎಂಬುದೇ ಪ್ರಶ್ನೆ.

ಇನ್ನು ಕಾನೂನು. 2019ರ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಅಧಿಸೂಚನೆಯಂತೆ ಹಳ್ಳಿ ಪ್ರದೇಶದಲ್ಲಿ ಉಬ್ಬರದ ಗೆರೆಯಿಂದ 200 ಮೀಟರ್ ಒಳಗೆ ಹೊಸ ಕಟ್ಟಡಕ್ಕೆ ಅವಕಾಶವಿಲ್ಲ. 2011ರ ಜನಗಣತಿಯಲ್ಲಿ ಚದರ ಕಿ.ಮೀ.ಗೆ 2,161ಕ್ಕಿಂತ ಹೆಚ್ಚು ಜನರಿರುವ ಹಳ್ಳಿಗಳಲ್ಲಿ ಮಾತ್ರ ಅದು 50 ಮೀಟರ್. ಉಬ್ಬರದ ನೀರು ಏರುವ ಹೊಳೆಯ ಬದಿಗೂ 50 ಮೀಟರ್, ಅಥವಾ ಹೊಳೆ ಅದಕ್ಕಿಂತ ಕಿರಿದಾಗಿದ್ದರೆ ಅದರ ಅಗಲದಷ್ಟು, ಬಿಡಬೇಕು. ಕಡಲಿನಿಂದ 200, ಹೊಳೆಯಿಂದ 50 ಬಿಟ್ಟರೆ ಕೋಡಿಯ ಮೇಲೆ ಕಟ್ಟಲು ಎಷ್ಟು ಉಳಿಯುತ್ತದೆ ಎಂದು ನೀವೇ ಅಳೆದು ನೋಡಿ. ಎಷ್ಟೋ ಕಡೆ ಒಂದು ಅಡಿಯೂ ಉಳಿಯುವುದಿಲ್ಲ. ಪಹಣಿ ಚೊಕ್ಕವಾಗಿದೆ ಎಂದರೆ ಕಟ್ಟಬಹುದು ಎಂದಲ್ಲ. ಸರ್ವೆ ನಂಬರ್ ಹಿಡಿದು, ಜಿಲ್ಲೆಯ ಪ್ರಾದೇಶಿಕ ನಿರ್ದೇಶಕರ (ಪರಿಸರ) ಕಚೇರಿಯಲ್ಲಿ ಕರಾವಳಿ ವಲಯ ನಿರ್ವಹಣಾ ನಕ್ಷೆಯಲ್ಲಿ ಆ ಜಾಗ ಎಲ್ಲಿ ಬೀಳುತ್ತದೆಂದು ಬರಹದಲ್ಲಿ ಕೇಳಿ ಪಡೆಯಿರಿ. ಬಾಯಿಮಾತು ಬೇಡ.

ನಿಮ್ಮ ಮುಂದಿರುವ ದಾರಿಗಳಲ್ಲಿ ನನ್ನ ಅಭಿಪ್ರಾಯ ಹೀಗೆ. ಕೋಡಿಯ ಮೇಲಿನ ಆ ಜಾಗ ಕೊಳ್ಳಬೇಡಿ. ಬೆಲೆ ಎಷ್ಟೇ ಇಳಿಸಿದರೂ ಬೇಡ. ಇಷ್ಟು ಖಡಾಖಂಡಿತವಾಗಿ ನಾನು ಸಾಮಾನ್ಯವಾಗಿ ಹೇಳುವುದಿಲ್ಲ.

ಕಡಲಿನ ಹತ್ತಿರವೇ ಇರಬೇಕೆಂಬ ಆಸೆಯಾದರೆ ಹೊಳೆಯ ಮೂಡಣ ದಡದಲ್ಲಿ, ಮುರಕಲ್ಲಿನ ಗಟ್ಟಿ ನೆಲ ಎದ್ದಿರುವ ಕಡೆ ನೋಡಿ. ತೀರಕ್ಕೆ ಹತ್ತು ನಿಮಿಷ ನಡೆದೋ ದೋಣಿ ದಾಟಿಯೋ ಹೋಗಬೇಕಾಗುತ್ತದೆ, ಬಾಡಿಗೆ ಸ್ವಲ್ಪ ಕಡಿಮೆ ಸಿಗುತ್ತದೆ. ಹೊಳೆಯ ನೆರೆ ಎಲ್ಲಿಯವರೆಗೆ ಬಂದಿತ್ತೆಂದು ಅಲ್ಲಿನವರನ್ನು ಕೇಳಿ, ಅದಕ್ಕಿಂತ ಮೇಲಿನ ನೆಲವನ್ನೇ ಹಿಡಿಯಿರಿ. ಇನ್ನೊಂದು ದಾರಿ ನನಗೆ ಹೆಚ್ಚು ಇಷ್ಟವಾದದ್ದು. ಅದೇ ಅಧಿಸೂಚನೆ, ಸ್ಥಳೀಯ ಕುಟುಂಬಗಳು ತಮ್ಮ ಹಳೆಯ ಮನೆಯ ಅಡಿಪಾಯ, ಸ್ವರೂಪ ಬದಲಿಸದೆ ಹೋಂಸ್ಟೇ ನಡೆಸಲು ಅವಕಾಶ ಕೊಡುತ್ತದೆ. ನಿಮ್ಮ ನೆಂಟರ ಹುಡುಗಿಯ ಮನೆಯವರು ಒಪ್ಪಿದರೆ ಮನೆ ಅವರದ್ದು, ಅತಿಥಿಗಳನ್ನು ಕಳಿಸುವುದು ನಿಮ್ಮದು, ನಿಮ್ಮ ತೋಟದಲ್ಲೊಂದು ಕೋಣೆ, ಅವರ ತೀರದಲ್ಲೊಂದು ಕೋಣೆ. ಇದರಲ್ಲಿ ಆಸ್ತಿ ಆಗುವುದಿಲ್ಲ, ಸಂಬಂಧ ಕೆಟ್ಟರೆ ವ್ಯವಹಾರವೂ ಕೆಡುತ್ತದೆ, ಆದ್ದರಿಂದ ಕರಾರು ಕಾಗದದ ಮೇಲಿರಲಿ. ಆದರೆ ನಿಮ್ಮ ಮೆಣಸಿನ ದುಡ್ಡು ತೆರೆಯ ಬಾಯಿಗೆ ಹೋಗುವುದಿಲ್ಲ.

ಮನೆಯವರ ಮನಸ್ಸು ಇನ್ನೂ ಆ ಜಾಗದಲ್ಲೇ ಇದ್ದರೆ, ಜಗಳ ಬೇಡ, ಅವರನ್ನು ಜುಲೈ ಕೊನೆಯಲ್ಲೋ ಆಗಸ್ಟಿನಲ್ಲೋ ಅಲ್ಲಿಗೆ ಕರೆದುಕೊಂಡು ಹೋಗಿ. ಜನವರಿಯಲ್ಲಿ ತೀರ ನೋಡಿ ಜಾಗ ಕೊಳ್ಳುವುದು ಮಳೆಗಾಲದಲ್ಲಿ ತೋಟ ನೋಡಿ ನೀರಿನ ಬಗ್ಗೆ ತೀರ್ಮಾನಿಸಿದಂತೆ. ದಿಬ್ಬದ ಬುಡದಲ್ಲಿ ನೋಡಿ: ಕಪ್ಪು ಮರಳಿನ ಪದರ ದಪ್ಪವಾಗಿ ಕಂಡರೆ ತೆರೆ ಅಲ್ಲಿಯವರೆಗೆ ಬಂದು ಹಗುರ ಮರಳನ್ನು ಒಯ್ದು ಭಾರದ್ದನ್ನು ಬಿಟ್ಟು ಹೋಗಿದೆ ಎಂದರ್ಥ. ತೆಂಗಿನ ಬೇರು ಹೊರಗೆ ಬಿದ್ದಿದೆಯೇ, ಗಾಳಿಮರಗಳು ಕಡಲಿನ ಕಡೆಗೆ ವಾಲಿವೆಯೇ? ಮರಳ ಮೇಲೆ ಹರಡುವ, ಆಡಿನ ಗೊರಸಿನಂತೆ ಎಲೆ ಸೀಳಿರುವ ನೇರಳೆ ಹೂವಿನ ಬಳ್ಳಿ ಇದ್ದರೆ ಒಳ್ಳೆಯ ಗುರುತು, ಆ ದಿಬ್ಬ ಕೆಲವು ವರ್ಷದಿಂದ ಕೂತಿದೆ. ಬಳ್ಳಿ ಇಲ್ಲದೆ ಕತ್ತಿಯಿಂದ ಕೊಯ್ದಂತೆ ನೇರವಾದ ಮರಳ ಗೋಡೆ ಇದ್ದರೆ ಕೆಟ್ಟ ಗುರುತು. ಭಾವನವರ ಫೋನಿನಲ್ಲಿ ಗೂಗಲ್ ಅರ್ಥ್ ತೆರೆದು ಅದೇ ಜಾಗದ ಹಳೆಯ ವರ್ಷಗಳ ಚಿತ್ರ ಒಂದೊಂದಾಗಿ ನೋಡಿ. ಅಳಿವೆಯ ಬಾಯಿ ಎಲ್ಲಿಂದ ಎಲ್ಲಿಗೆ ಸರಿದಿದೆ ಎಂಬುದು ಕಣ್ಣಿಗೆ ಕಾಣುತ್ತದೆ. ಒಂದೇ ಋತುವಿನ ಚಿತ್ರಗಳನ್ನು ಹೋಲಿಸಬೇಕು, ಫೆಬ್ರವರಿಯನ್ನು ಫೆಬ್ರವರಿಗೆ.

ಕಡಲು ಕೆರಳಲು ಮಳೆಗಾಲವೇ ಬೇಕೆಂದಿಲ್ಲ ಎಂಬುದೂ ನೆನಪಿರಲಿ. ಏಪ್ರಿಲ್, ಮೇ ತಿಂಗಳಲ್ಲಿ ಗಾಳಿಯೇ ಇಲ್ಲದ ದಿನ, ಸಾವಿರಾರು ಕಿ.ಮೀ. ದಕ್ಷಿಣದ ಬಿರುಗಾಳಿಯಲ್ಲಿ ಹುಟ್ಟಿದ ಉದ್ದ ತೆರೆಗಳು ಬಂದು ತೀರದ ಮೇಲೆ ಏರುವುದುಂಟು. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಇದಕ್ಕೆ ಮುನ್ನೆಚ್ಚರಿಕೆ ಕೊಡುತ್ತದೆ. ತೀರದಲ್ಲಿ ಅತಿಥಿಗಳನ್ನು ಇಟ್ಟುಕೊಳ್ಳುವವರು ಅದನ್ನು ನೋಡುವ ಅಭ್ಯಾಸ ಮಾಡಿಕೊಳ್ಳಬೇಕು. ನಮ್ಮ ಘಟ್ಟದ ಮೇಲಿನ ಮಕ್ಕಳಿಗೆ ಕಡಲಿನ ಸೆಳೆತ ಗೊತ್ತಿರುವುದಿಲ್ಲ. ನೀರಿನಡಿಯ ಮರಳ ದಿಬ್ಬದಲ್ಲಿ ಬಿರುಕಿದ್ದಲ್ಲಿ ನೀರು ಹೊಳೆಯಂತೆ ಕಡಲಿನೊಳಕ್ಕೆ ಓಡುತ್ತದೆ. ಸಿಕ್ಕಿಕೊಂಡರೆ ದಡಕ್ಕೆ ಎದುರು ಈಜದೆ ದಡಕ್ಕೆ ಸಮನಾಗಿ ಪಕ್ಕಕ್ಕೆ ಈಜಬೇಕು ಎಂದು ಮಗಳಿಗೆ ಇವತ್ತೇ ಹೇಳಿಕೊಡಿ.

ಕೊನೆಗೆ ಕುಡಿಯುವ ನೀರು, ಇದನ್ನು ಯಾರೂ ಕೇಳುವುದೇ ಇಲ್ಲ. ಕೋಡಿಯ ಅಡಿಯಲ್ಲಿ ಎಲ್ಲ ಕಡೆಯೂ ಉಪ್ಪುನೀರು. ಮಳೆಯ ಸಿಹಿನೀರು ಹಗುರವಾದ್ದರಿಂದ ಅದರ ಮೇಲೆ ತೇಲುತ್ತಿರುತ್ತದೆ. ಸಿಹಿನೀರಿನ ಮಟ್ಟ ಕಡಲಿಗಿಂತ ಒಂದು ಅಡಿ ಮೇಲಿದ್ದರೆ ಅದರ ಕೆಳಗೆ ಸುಮಾರು ನಲವತ್ತು ಅಡಿ ಸಿಹಿನೀರು ಇರುತ್ತದೆ ಎಂಬುದು ಲೆಕ್ಕ. ತಿರುವುಮುರುವಾಗಿ ನೋಡಿ: ಪಂಪು ಹಾಕಿ ಒಂದು ಅಡಿ ಇಳಿಸಿದರೆ ಉಪ್ಪುನೀರು ನಲವತ್ತು ಅಡಿ ಮೇಲೇರಲು ಹೊರಡುತ್ತದೆ. ಕೊಡ ಹಿಡಿದು ಸೇದುವ ಮನೆಗೆ ನೂರು ವರ್ಷ ಬಂದ ಬಾವಿ, ಎಂಟು ಕೋಣೆಗೆ ಷವರ್ ಹಾಕಿಸಿದರೆ ಎರಡೇ ಬೇಸಿಗೆಯಲ್ಲಿ ಉಪ್ಪಾಗಬಹುದು, ಪಕ್ಕದ ಮನೆಯ ಬಾವಿಯನ್ನೂ ಜೊತೆಗೆ ಕೆಡಿಸುತ್ತದೆ. ಹಾಗಾಗಿ ಆಗಸ್ಟಿನಲ್ಲಿ ತೀರ ನೋಡಿದ ಮೇಲೆ ಮೇ ತಿಂಗಳಲ್ಲಿ ಇನ್ನೊಮ್ಮೆ ಹೋಗಿ. ಆ ಜಾಗದ ಬಾವಿಯಿಂದ ಒಂದು ಲೋಟ ನೀರು ಸೇದಿ, ನೀವೂ ಯಜಮಾನರೂ ಭಾವನವರೂ ಒಂದೊಂದು ಗುಟುಕು ಕುಡಿದು ನೋಡಿ.